ಒಂದೇ ಬಾಣಲೆ

ಬೋರ್ಡಿನ ಮೇಲೆ ಬರೆದೆ: ಬ = ಅ.
ಬರೀ ನಕಲು. ಎರಡು ಹೆಸರು ಯಾಕೆ,
ಕೂಡಿಸಿ, ಒಂದು ಸಾಲು ಉಳೀತು ಅಂದೆ.

ಹಿಂದಿನ ಬೆಂಚಿನಿಂದ ಮುಬೀನಾ:
"ಅಬ್ಬಾನೂ ಹಂಗೇ ಅಂದಿದ್ರು ಮೇಡಂ.
ಗೂಡು ಬೇಯಿಸೋಕೊಂದು, ನೂಲು ಬಿಚ್ಚೋಕೊಂದು,
ನಡುವೆ ಸೌಟಲ್ಲಿ ಎತ್ತಿ ಎತ್ತಿ
ಅಮ್ಮಿ ಬೆರಳು ಬಿಳಿಚಿತ್ತು.
ಒಂದೇ ಬಾಣಲೆ ಸಾಕು ಅಂದ್ರು.
ಸೌಟು ಗೋಡೆಗೆ ಹೋಯ್ತು.

ಬಾಣಲೆಗೆ ಮಾತ್ರ ಬಿಡುವೇ ಇಲ್ಲ.
ಕೊನೇ ಎಳೆ ಮುಗಿಯೋವರೆಗೂ
ಮುಂದಿನ ಲಾಟು ನೆಲದ ಮೇಲೆ.
ಮೂರನೇ ದಿನ
ಗೂಡು ತೂತು ಮಾಡಿ ಚಿಟ್ಟೆ ಬಂತು."

ಶಿಡ್ಲಘಟ್ಟದ ಕಿಟಕಿಯಾಚೆ ಬೆಂದ ಹುಳದ ವಾಸನೆ.
ರಿಜಿಸ್ಟರು ಎಷ್ಟಿವೆ ಅಂತ
ನಾನು ಹೇಳಿರಲೇ ಇಲ್ಲ.
ಅಳಿಸಿದ ಬ-ವನ್ನು ಮತ್ತೆ ಬರೆದೆ,
ತುಸು ಚಿಕ್ಕದಾಗಿ.

"ಈಗ ಸೌಟು?"
"ಇಳಿಸಿದ್ದಾಳೆ.
ಲಾಟು ಕಮ್ಮಿ ಇದ್ದ ದಿನ
ಗೋಡೆಯಲ್ಲೇ ಇರುತ್ತೆ."