ಕಪಾಟು ನಂಬರ್ ನಾಲ್ಕು

ಇದರ ಕೀಲಿಗೊಂದು ಪಟ್ಟು ಇದೆ: ಎಡಕ್ಕೆ ತಿರುವಿ ಅರ್ಧಕ್ಕೆ ನಿಲ್ಲಿಸಿ
ಮೊಣಕಾಲಿನಿಂದ ಬಾಗಿಲಿಗೆ ಒಂದು ಗುದ್ದು.
ಮೊದಲು ಬರುವುದು ಡಾಂಬರು ಗುಳಿಗೆಯ ವಾಸನೆ,
ಅದರ ಹಿಂದೆ ಒಣಹುಲ್ಲಿನದು,
ಅದರ ಹಿಂದೆ ಹಜರೇಸಾಬ.

ಹಜರೇಸಾಬ ಪಿಂಜಾರ, ಲ್ಯಾಬ್ ಅಟೆಂಡರ್.
ಅಪ್ಪ ಅಜ್ಜ ಊರೂರು ತಿರುಗಿ ಗಾದಿಗೆ ಅರಳೆ ಬಡಿದವರು.
ಅದೇ ಕೈ ಒಂದು ಎಸಳೂ ಮಡಚದ ಹಾಗೆ
ತುಂಬೆಯನ್ನು ಹಾಳೆಯ ಮೇಲೆ ಮಲಗಿಸುತ್ತಿತ್ತು.
ನಾನು ಲ್ಯಾಟಿನ್ ಬರೆಯುತ್ತಿದ್ದೆ. ಅವನು ಹೊಲಿಯುತ್ತಿದ್ದ.

ಚೀಟಿಯಲ್ಲಿ ಸ್ಥಳ, ಆವಾಸ, ಹೂ ಬಿಡುವ ಕಾಲ.
ಸಪ್ಟೆಂಬರ್ ಎಂದು ಬರೆದರೆ ಅವನಿಗೆ ನಗು.
"ಸಪ್ಟೆಂಬರ್ ಅಂತ ಗಿಡಕ್ಕ ಹೆಂಗ ಗೊತ್ತಾಗಬೇಕ್ರಿ ಬಾಯಾರ?
ಹುಬ್ಬಿ ಮಳಿ ಅಂತ ಬರೀರಿ.
ಮಳಿ ಬರಲಿಲ್ಲಂದ್ರ ಅದೂ ಬರಾಂಗಿಲ್ಲ,
ನಿಮ್ಮ ಚೀಟೀನೂ ಸುಳ್ಳಾಗಾಂಗಿಲ್ಲ."

ಹೀಗಾಗಿ ಹಾಳೆ ಹಾಳೆಗೂ ಎರಡು ಕೈಬರಹ.
ವಿಷ್ಣುಕ್ರಾಂತಿ: ಗುಡ್ಡದ ಗರಸು ನೆಲ, ಉತ್ತರಿ ಮಳೆ,
ಬೆಳಗಿನ ಹತ್ತರ ಒಳಗೆ ಹೋದರೆ ಮಾತ್ರ.
ಮುತ್ತಲ: ಸೀತಿಮನಿ ದಾರಿ, ಎಲೆ ಪೂರಾ ಉದುರಿದ ಮೇಲೆ,
ಶಿವರಾತ್ರಿಗೆ ಇನ್ನೂ ಎಂಟು ದಿನ ಇದ್ದಾಗ.
ಮಂಗನಕೋಡು: ಬಾದಾಮಿ, ಕೆಂಪು ಬಂಡೆಯ ಸೀಳು, ಸ್ವಾತಿ;
ಕೆಳಗೆ ಅವನ ಪೆನ್ಸಿಲ್ ಷರಾ:
"ಹೂವು ಚಂದ, ನಾತ ಸತ್ತ ಇಲಿಯದು.
ಬಸ್ಸಿನಾಗ ಎಲ್ಲಾರೂ ನನ್ನ ಕಡೆ ನೋಡಿದರು."

ಈ ವರ್ಷ ನೀಲಾಂಬಿಕಾ ಎಂಬ ಹುಡುಗಿ ಸ್ಕ್ಯಾನರ್ ತಂದು
ಗಿಡಕ್ಕೊಂದರಂತೆ ನಕಾಶೆಯ ಮೇಲೆ ಚುಕ್ಕಿ ಇಡತೊಡಗಿದಳು.
ನಲವತ್ತೊಂದು ಚುಕ್ಕಿ ನೀರಿನ ಮೇಲೆ ಬಿದ್ದವು.
"ಎಲ್ಲೋ ತಪ್ಪಾಗಿದೆ ಮೇಡಂ, ಇವು ನೆಲದ ಗಿಡ."
ತಪ್ಪಾಗಿಲ್ಲ ಎಂದೆ.
ಅವಳು ಹುಟ್ಟುವಷ್ಟರಲ್ಲಿ ಹಿನ್ನೀರು ಬಂದಾಗಿತ್ತು.

ಗಿಡ ಒತ್ತಿಟ್ಟ ಹಳೇ ಪೇಪರುಗಳಲ್ಲಿ
ಹತ್ತಿಯ ದರ, ಟಾಕೀಜಿನ ಜಾಹೀರಾತು,
ಮುಳುಗಡೆಯ ನೋಟಿಸು, ಮನೆ ನಂಬರುಗಳ ಉದ್ದ ಪಟ್ಟಿ.
ಪಟ್ಟಿಯ ನಡುವೆ ಉತ್ತರಾಣಿಯ ತೆನೆ ಬಿಟ್ಟ ಕಂದು ಕಲೆ
ಯಾರದೋ ಹೆಸರಿನ ಮೇಲೆ.

ಒಂದು ಹಾಳೆ ಮಾತ್ರ ಪಕ್ಕಕ್ಕಿಟ್ಟಳು.
ಸ್ಥಳ: ಹಳೇ ಬಾಗಲಕೋಟೆ, ಅಗಸರ ಕಲ್ಲಿನ ಹಿಂದೆ.
ಆವಾಸ: ಹೊಳೆಯೊಳಗಿನ ಬಂಡೆ ಸಂದು.
ಹೂವು ಗುಲಾಬಿ ಎಂದಿದೆ, ಈಗ ಆರಿದ ಚಹಾದ ಬಣ್ಣ.
ಕನ್ನಡ ಹೆಸರು: ಖಾಲಿ.

ಫೋನು ಮಾಡಿದೆ. ನಿವೃತ್ತನಾಗಿ ಹನ್ನೊಂದು ವರ್ಷ,
ಕೆಮ್ಮಿನ ನಡುವೆ ನೆನಪು ಮಾಡಿಕೊಂಡ.
"ಅದಕ್ಕ ನಾವು ಏನೂ ಅಂತಿರಲಿಲ್ರಿ.
ಅರಿವಿ ಒಗಿಯೋ ಹೊತ್ತಿಗೆ ನಮ್ಮವ್ವ
ಸೀರಿ ಸೆರಗು ಅದಕ್ಕ ಗಂಟು ಹಾಕ್ತಿದ್ಲು,
ಹೊಳಿ ಎಳಕೊಂಡು ಹೋಗಬಾರದಂತ.
ಹೆಸರು ಯಾಕ ಬೇಕಿತ್ತು, ಅಲ್ಲೇ ಇತ್ತಲ್ರಿ."

ಭಾನುವಾರ ನವನಗರಕ್ಕೆ ಹೋದೆವು.
ಅವನ ಮನೆ ಎದುರು ಯಾರೂ ಕಟ್ಟದ ಸೈಟು,
ಹಸ್ತಿ ಮಳೆ ಹೊಯ್ದು ನಾಲ್ಕು ದಿನ.
ಕೋಲಿನಿಂದ ತೋರಿಸುತ್ತ ಬಂದ: ತುಂಬೆ, ನೆಗ್ಗಿಲು,
ಗಟಾರದ ಅಂಚಿಗೆ ಎಕ್ಕೆ, ಮೂಲೆಗೆ ಹೊನ್ನಿನಂಥ ತಂಗಡಿ,
ಉಳಿದಲ್ಲೆಲ್ಲ ಬಳ್ಳಾರಿ ಜಾಲಿ, ಕರೆಯದೆ ಬಂದ ನೆಂಟ.
"ನಮಗ ಸೈಟ್ ಸಿಗೂತನಕ ಆರು ವರ್ಷ ಓಡ್ಯಾಡೇವಿ.
ಇವಕ್ಕ ಹಕ್ಕುಪತ್ರ ಯಾರು ಕೊಟ್ಟರ್ರಿ?"

ಹೊಳೆಯದು ಬಂದಿರಲಿಲ್ಲ.
ಅದನ್ನು ಅವನೂ ಹುಡುಕಿದ, ನಾನೂ ಹುಡುಕಿದೆ,
ಇಬ್ಬರೂ ಹೇಳಿಕೊಳ್ಳಲಿಲ್ಲ.

ಬರುವಾಗ ನೀಲಾಂಬಿಕಾ ಕೇಳಿದಳು,
ಹೆಸರಿನ ಕಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ, ಏನು ಬರೆಯಲಿ?
ಅಲ್ಲೇ ಇತ್ತು ಎಂದು ಬರಿ ಅಂದೆ.
ಬರೆದಳೋ ಇಲ್ಲವೋ, ನಾನು ನೋಡಿಲ್ಲ.

ಮನೆಗೆ ಬಂದು ಸೀರೆಯ ಅಂಚು ಹಿಡಿದು ಕೂತೆ.
ಆ ಸೈಟಿನಿಂದ ಹತ್ತಿಕೊಂಡ ಉತ್ತರಾಣಿ,
ಎಣಿಸಿದರೆ ಆರೇ ಕಾಳು.
ಉಳಿದವು ದಾರಿಯಲ್ಲಿ
ತಮ್ಮ ತಮ್ಮ ಸ್ಟಾಪಿಗೆ ಇಳಿದಿರಬೇಕು.