ಗುರ್ತಿನ ಮಂದಿ

ದುಧನಿ ಕಡಿಂದ ಮೊದಲ ಬಸ್ಸಿಗೆ ಬಂದವರು
ಸೋಲಾಪುರ ಸಿವಿಲ್ ದವಾಖಾನಿ ಗೇಟಿನಾಗ ನಿಂತು ಕೇಳ್ತಾರ:
"ಹದಿನೇಳನೇ ವಾರ್ಡಿನ ಮಹಾನಂದಾ ಎಲ್ಲಿ?"
ವಾಚ್‌ಮನ್ ಮರಾಠಿಯೊಳಗ ಬೈದು
ಕೈ ಮಾತ್ರ ನನ್ನ ಕಡೆ ತೋರಿಸ್ತಾನ.
ಅವನ ಮಗಳ ಜಾತಿ ದಾಖಲಾ ಕಚೇರಿಯಾಗ ಸಿಕ್ಕೊಂಡಾಗ
ಚಿಗವ್ವನ ಅಳಿಯಗ ಹೇಳಿ ಬಿಡಿಸಿ ಕೊಟ್ಟಾಕಿ ನಾನು.
ಅದು ಬೈಗುಳದಾಗ ಗೊತ್ತಾಗೂದಿಲ್ಲ,
ಬೆರಳಿನಾಗ ಗೊತ್ತಾಗ್ತದ.

ನಾನೇನು ನರ್ಸ್ ಅಲ್ಲ. ಕಸ ಹೊಡೀತೀನಿ,
ಬೆಡ್‌ಪ್ಯಾನ್ ತೊಳೀತೀನಿ, ಸ್ಟ್ರೆಚರ್ ನೂಕ್ತೀನಿ.
ಆದ್ರ ಯಾವ ಡಾಕ್ಟರ್ ಚಹಾ ಕುಡಿದ ಮ್ಯಾಲೆ ಮೆತ್ತಗಾಗ್ತಾನ,
ಎಕ್ಸ್-ರೇ ಖೋಲಿ ಅಂಬಾದಾಸಗ ಯಾವ ತಿಂಗಳು ರೊಕ್ಕದ ಅಡಚಣಿ,
ಔಷಧ ಖಿಡಕಿ ಎಷ್ಟಕ್ಕ ಮುಚ್ತದಂತ ಬರದದ,
ಎಷ್ಟಕ್ಕ ಖರೇನೇ ಮುಚ್ತದ,
ಇದು ಯಾವ ಬೋರ್ಡಿನ ಮ್ಯಾಲೂ ಇಲ್ಲ.

"ಹೊಟ್ಟಿ ಚುರು ಚುರು ಅಂತದ, ತಾಯಿ"
ಅಂತ ಕರಜಗಿ ಮುದುಕಿ ಅಂದದ್ದನ್ನ
ಮರಾಠಿ ಮಾಡಿ ಡಾಕ್ಟರಗ ದಾಟಿಸ್ತೀನಿ.
ಚುರು ಚುರುಗೆ ಮರಾಠಿ ಸಿಗದಿದ್ರ
ನನ್ನ ಹೊಟ್ಟಿ ಮ್ಯಾಲೇ ಬೆರಳಾಡಿಸಿ ತೋರಿಸ್ತೀನಿ.

ರೊಕ್ಕ ಮುಟ್ಟೂದಿಲ್ಲ. ಮುಟ್ಟಿದ್ರ ಲೆಕ್ಕ ಮುಗೀತು,
ಮುಗಿದ ಲೆಕ್ಕದಾಗ ಯಾರೂ ಯಾರಿಗೂ ಏನೂ ಆಗೂದಿಲ್ಲ.
ಸುಗ್ಗಿಯಾಗ ಸೀತನಿ ಬರ್ತದ, ಇನ್ನಾ ಹೊಗಿ ವಾಸನಿ ಇದ್ದದ್ದು.
ಶೇಂಗಾ ಹಿಂಡಿ ಬರ್ತದ. ಒಮ್ಮೆ ಒಬ್ಬಾಂವ
ಜೀವಂತ ಕೋಳಿ ತಂದು ವಾರ್ಡಿನಾಗ ಬಿಟ್ಟು ಓಡಿಹೋದ,
ಸಿಸ್ಟರ್ ಬಾಯಿ ಕಾಟಿನ ಮ್ಯಾಲೆ ಏರಿ ನಿಂತಳು.

ಗಂಡನ ತೋಳು ಚಾದರ ಕಾರ್ಖಾನಿ ಮಗ್ಗದಾಗ ಸಿಕ್ಕ ದಿನ
ನಾಗಣಸೂರಿಂದ ಟೆಂಪೋದಾಗ ರಕ್ತ ಬಂತು.
ಒಂಬತ್ತು ಮಂದಿ, ನಾಕು ಜಾತಿ.
ಒಬ್ಬರ ಹೆಸರೂ ನನಗ ನೆನಪಿರಲಿಲ್ಲ,
ಅವರಿಗೆ ನನ್ನದು ನೆನಪಿತ್ತು.

ಲಗ್ನದಾಗ ಮುಯ್ಯಿ ಬರೀತಾರಲ್ಲ, ಉದ್ದನ್ನ ವಹಿಯಾಗ,
ಇಂಥಾವರದು ಐವತ್ತೊಂದು, ಇಂಥಾವರದು ಒಂದು ಕುಬಸದ ಖಣ,
ಹಂಗ ನಂದೂ ಒಂದು ವಹಿ ಇದ್ದಿದ್ರ
ಎರಡೂ ಕಡೆ ತುಂಬಿರ್ತಿತ್ತು.
ಆದ್ರ ಆ ಮಾತಿಗೆ ಎರಡು ಬಾಯಿ.
ಕೊಟ್ಟದ್ದಕ್ಕ ತಿರುಗಿ ಕೊಡೂದೂ ಮುಯ್ಯಿ,
ಸೇಡು ತೀರಿಸ್ಕೊಳ್ಳೂದೂ ಮುಯ್ಯಿ.

ಎಳ್ಳಮಾಸಿ ಮರುದಿನ ಗರ್ದಿ ಭಾಳ ಇತ್ತು.
ತವರಿನ ಹುಡುಗ ಒಬ್ಬ ಕೈ ಮುರ್ಕೊಂಡು ಬಂದ,
ಅವನ ಅರವತ್ತೆರಡನೇ ಚಿಠ್ಠಿ
ಹನ್ನೆರಡನೆಯದರ ಕೆಳಗ ಸರಿಸಿದೆ.
ಬಾಕಿನ ಮ್ಯಾಲೆ ಒಬ್ಬ ಮುದುಕ, ಕಂಬಳಿ ಹೊದ್ದಾಂವ,
ತಾಂಡೇದವ ಇರಬೇಕು, ಅವನ ಮಾತು ನನಗೂ ತಿಳೀಲಿಲ್ಲ.
ಹುಡುಗ ಅಳೂದು ನೋಡಿ
ತನ್ನ ಗಂಟು ತೊಡಿ ಮ್ಯಾಲೆ ಎತ್ತಿಟ್ಕೊಂಡು
ಅವನಿಗೆ ಜಾಗ ಮಾಡಿಕೊಟ್ಟ.

ಹನ್ನೆರಡೂವರಿಗೆ ಖಿಡಕಿ ಬಿತ್ತು.
ಆಗ ಮುದುಕನ ಮುಂದ ಒಬ್ಬರೂ ಇರಲಿಲ್ಲ.
ಒಂದೇ ಒಂದು ನಂಬರಿನ ಅಂತರ.
ಚಿಠ್ಠಿ ತಿರುಗಿಸಿ ತಿರುಗಿಸಿ ನೋಡಿದ,
ಹಿಂದಿನ ಮೈಯಾಗ ಬ್ಯಾರೆ ನಂಬರ್ ಇರಬಹುದು ಅನ್ನೂವಂಗ.
ಆಮೇಲೆ ಮಡಚಿ ಕಿಸೆಯೊಳಗಿಟ್ಟು ಹೋದ.
ನಾ ಕರೀಬಹುದಿತ್ತು.
ಕೈಯಾಗ ಬಕೆಟ್ ಇತ್ತು.

ಸಂಜಿಕಿ ಆ ಹುಡುಗನ ತಾಯಿ
ಹಬ್ಬದ ಸಜ್ಜಿ ರೊಟ್ಟಿ, ಭಜ್ಜಿಪಲ್ಯ ತಂದಳು.
ತಿಂದೆ. ರುಚಿನೂ ಇತ್ತು.

ಈಗ ಸಾಲಿನ ತುದಿಯಿಂದ ಕಸ ಹೊಡೀಲಿಕ್ಕೆ ಸುರು ಮಾಡ್ತೀನಿ.
ಕಂಬಳಿ ಕಂಡ್ರ ಕಸಬರಗಿ ತಾನೇ ನಿಂದರ್ತದ.
ಅಂವ ಮತ್ತ ಬಂದಿಲ್ಲ.
"ಇಲ್ಲಿ ನಿಮಗ ಗುರ್ತಿನವರು ಯಾರರ ಅದಾರೇನು?"
ಅಂತ ಕೇಳ್ತೀನಿ. ಇವತ್ತ ಒಬ್ಬಾಕಿ ಇಲ್ಲಂದಳು,
ಮಡಿಲಾಗ ಜ್ವರದ ಕೂಸು.
ಆಕಿನ್ನ ಎಬ್ಬಿಸಿ ಖಿಡಕಿ ತನಕ ಕರಕೊಂಡು ಹೋದೆ.

ಆಕಿ ಹಿಂದ ಕುಂತವರು
ನನ್ನ ಮುಖ ನೋಡಿದ್ರು.