ಇನ್ನೂರೈವತ್ತು ಮಿಲಿ

ಬಟ್ಟೆಯನ್ನು ಬಳೆಗೆ ಬಿಗಿದು ಓರೆಯಾಗಿ ಇಡಬೇಕು.
ಮೇಲಿಂದ ಇನ್ನೂರೈವತ್ತು ಮಿಲಿ ನೀರು,
ಅಷ್ಟೇ, ಒಂದು ಲೋಟಕ್ಕೆ ತುಸು ಹೆಚ್ಚು.
ಆಮೇಲೆ ಬಳೆಯನ್ನು ಎರಡು ಸಲ ಕುಟ್ಟಿ
ನೋಡಬೇಕು, ಎಲ್ಲಾದರೂ ನೆಂದಿದೆಯಾ?
ನೆನೆಯದಿದ್ದರೆ ನೂರು.
ಒಂಬತ್ತು ವರ್ಷದಿಂದ ಪೀಣ್ಯದಲ್ಲಿ ನನ್ನ ಕೆಲಸ ಇದೇ,
ಬಟ್ಟೆಗೆ ಮಾರ್ಕು ಹಾಕುವುದು.

ಮೊದಮೊದಲು ಚಂದ ಅನಿಸುತ್ತಿತ್ತು,
ಕೆಸುವಿನೆಲೆಯ ಮೇಲಿನಂತೆ ಹನಿ ಉರುಳುವುದು.
ಅಂಟಿಯೂ ಅಂಟದ ಹಾಗಿರಬೇಕು ಅಂತ
ನಮ್ಮಜ್ಜಿ ಹೇಳುತ್ತಿದ್ದಳು, ಸಂಸಾರದ ಬಗ್ಗೆ.
ಕೆಸುವಿನೆಲೆ ಎರಡು ದಿನಕ್ಕೆ ಬಾಡುತ್ತೆ,
ಮೂರನೇ ದಿನ ಗೊಬ್ಬರ.
ಇದು ಬಾಡಲ್ಲ, ಅಂದರು ಲ್ಯಾಬಿನ ಫ್ಲೇವಿಯಾ ಮೇಡಂ,
ಕೊಳೆಯಲ್ಲ, ಉರಿಸಿದರೂ ಸುಲಭಕ್ಕೆ ಸಾಯಲ್ಲ.
ಮತ್ತೆ ಎಲ್ಲಿಗೆ ಹೋಗುತ್ತೆ ಮೇಡಂ?
ಅವರು ಕಿಟಕಿಯ ಕಡೆ ನೋಡಿದರು.

ಕಿಟಕಿಯಾಚೆ ಮೋರಿ.
ಮೋರಿಯಾಚೆ ವೃಷಭಾವತಿ, ನೊರೆ ಹೊತ್ತು
ಕೆಂಗೇರಿ ದಾಟಿ ಬಿಡದಿಯ ಕಡೆ ಹೋಗುತ್ತಾಳೆ.
ಅಲ್ಲಿಂದ ದಂಟು, ಮೆಂತ್ಯ, ಕೊತ್ತಂಬರಿ
ಬೆಳಗಿನ ಜಾವದ ಟೆಂಪೋದಲ್ಲಿ ವಾಪಸು ಬರುತ್ತವೆ.
ಕಟ್ಟಿಗೆ ಹದಿನೈದು. ಚೌಕಾಸಿ ಮಾಡಿದರೆ ಹತ್ತು.
ಮೂರು ನೀರಲ್ಲಿ ತೊಳೆದು ಹಾಕುತ್ತೇನೆ ಸಾರಿಗೆ.
ತೊಳೆದರೆ ಹೋಗುವಂಥದ್ದಾಗಿದ್ದರೆ
ನಾನು ಅದಕ್ಕೆ ನೂರು ಹಾಕುತ್ತಲೇ ಇರಲಿಲ್ಲ.

ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ.
ಕೋಟಿಂಗ್ ಲೈನಿನ ಶಕೀಲಾಗೂ ಅದೇ ಮಾತ್ರೆ.
ಇದರಿಂದಲೇನಾ? ಇಎಸ್‌ಐ ಡಾಕ್ಟರನ್ನು ಕೇಳಿದೆ.
ಹಾಗೆ ಹೇಳೋಕಾಗಲ್ಲಮ್ಮ, ಬೇಕಾದಷ್ಟು ಕಾರಣ ಇರುತ್ತೆ.
ಅವರದ್ದೂ ನಿಜ.
ರಕ್ತದ ರಿಪೋರ್ಟಿನಲ್ಲಿ ಇದಕ್ಕೊಂದು ಸಾಲೇ ಇಲ್ಲ.
ಮಗಳಿಗೆ ಹಾಲೂಡಿದ ಹದಿನಾಲ್ಕು ತಿಂಗಳು
ನಾನು ಇದೇ ಮೇಜಿನ ಮುಂದಿದ್ದೆ.
ನೀರನ್ನೇ ಒಲ್ಲದ್ದು
ಹಾಲಿಗೆ ಒಲಿಯುತ್ತಂತೆ.

ಹೋದ ತಿಂಗಳು ಪತ್ರ ಬಂತು. ಕಡಲಾಚೆಯವರಿಗೆ
ಇನ್ನು ಈ ಡ್ರಮ್ಮಿನದ್ದು ಬೇಡವಂತೆ, ಅಲ್ಲಿ ಕಾನೂನಂತೆ.
ಒಳ್ಳೆಯದಾಯ್ತು ಅಂದುಕೊಂಡೆ.
ಮೂಲೆಯಲ್ಲಿ ಹನ್ನೊಂದು ಡ್ರಮ್ಮು ಉಳಿದಿತ್ತು.
ಸೂಪರ್‌ವೈಸರ್ ಸಂಪಂಗಿರಾಮ ಲೆಕ್ಕ ಹಾಕಿ ಅಂದ:
ಲೋಕಲ್ ಆರ್ಡರ್ ಇದೆಯಲ್ಲ, ಸ್ಕೂಲ್ ರೇನ್‌ಕೋಟು,
ಅದಕ್ಕೆ ಮುಗಿಸಿಬಿಡೋಣ.

ಹಳದಿ ಬಟ್ಟೆ, ಬಾತುಕೋಳಿ ಚಿತ್ರ.
ಬಳೆಗೆ ಬಿಗಿದೆ. ನೀರು ಸುರಿದೆ. ಎರಡು ಸಲ ಕುಟ್ಟಿದೆ.
ಒಂದು ಹನಿಯೂ ನಿಲ್ಲಲಿಲ್ಲ.
ಮಗಳು ನಿನ್ನೆ ಗಣಿತದಲ್ಲಿ ಅರವತ್ತೆರಡು ತಂದು
ಮುಖ ಊದಿಸಿಕೊಂಡಿದ್ದಳು.
ಮಳೆಯಲ್ಲಿ ನಡೆಯುವಾಗ
ಕೋಟಿನ ಕೊರಳಂಚು ಕಚ್ಚುವ ಅಭ್ಯಾಸ ಅವಳಿಗೆ.

ಪೆನ್ನು ಹಿಡಿದು ಕೂತಿದ್ದೇನೆ.
ಸಂಪಂಗಿರಾಮ ಆಚೆಯಿಂದ ಕೂಗುತ್ತಾನೆ,
ಬೇಗ ಬರೀರಿ ಪುಟ್ಟತಾಯಿ,
ಮೋಡ ಆಗಿದೆ, ಗಾಡಿ ಹೊರಡಬೇಕು.